ಮೂರನೇ ರಾಶಿ ಕೊನೆಗೂ ಹಸಿರಾಯಿತು!

ಇವತ್ತು ಬೆಳಿಗ್ಗೆ ಗೋಣಿಚೀಲ ಎತ್ತಿ ನೋಡಿದರೆ ಗೊಬ್ಬರದ ಮೇಲೆಲ್ಲ ಹಸಿರು ಪುಡಿ ಉದುರಿಸಿದ ಹಾಗೆ ಟ್ರೈಕೋಡರ್ಮಾ! ಬೇರಿನ ರೋಗ ತಡೆಯೋ ಒಳ್ಳೇ ಶಿಲೀಂಧ್ರ ಇದು, ನನ್ನ ಕಾಳುಮೆಣಸಿನ ಬಳ್ಳಿಗಳಿಗೆ ಹಾಕೋಕೆ ಗೊಬ್ಬರದಲ್ಲಿ ಬೆಳೆಸುತ್ತಿದ್ದೇನೆ. ಎರಡು ರಾಶಿ ಹಾಳಾದ ಮೇಲೆ ಇದು ಮೂರನೆಯದು. ಖುಷಿ ತಡೆಯಲಾರದೆ ಅಮ್ಮನನ್ನು ಕೊಟ್ಟಿಗೆ ಹಿಂದಕ್ಕೆ ಕರೆದುಕೊಂಡು ಹೋದೆ. "ಬೂಷ್ಟು ಬಂದ ಗೊಬ್ಬರ ನೋಡೋಕೆ ಕರೆದ್ಯಾ?" ಅಂದಳು. ಹೌದಮ್ಮ, ಈ ಬೂಷ್ಟಿಗಾಗಿಯೇ ಎರಡು ತಿಂಗಳು ಒದ್ದಾಡಿದ್ದು.

ಮಾಡುವ ಕ್ರಮ ನಿಮಗೆಲ್ಲ ಗೊತ್ತೇ ಇದೆ. 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ ಪುಡಿ, ನೆರಳು, ಹದವಾದ ತೇವ, 15 ದಿನ. ಅದನ್ನು ಮತ್ತೆ ಹೇಳುವುದಿಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಯಾಕೆ ಹಸಿರಾಗಲಿಲ್ಲ ಅನ್ನೋದೇ ಇವತ್ತಿನ ಕತೆ.

ಮೊದಲ ರಾಶಿ 15 ದಿನ ಕಳೆದರೂ ಇಟ್ಟ ಹಾಗೇ ಇತ್ತು. ನೀರು ಚಿಮುಕಿಸಿದೆ, ಮಗುಚಿದೆ, ಇನ್ನೊಂದು ವಾರ ಕಾದೆ. ಏನೂ ಇಲ್ಲ. ಆಮೇಲೆ ಪ್ಯಾಕೆಟ್ ತಿರುಗಿಸಿದರೆ, ತಯಾರಾದ ದಿನಾಂಕದ ಮೇಲೆ ಅಂಗಡಿಯವರ ಬೆಲೆ ಚೀಟಿ! ಕಿತ್ತು ನೋಡಿದೆ, ಏಳು ತಿಂಗಳು ಹಳೆಯದು. ಅದೂ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಕಳೆನಾಶಕದ ಡಬ್ಬಗಳ ಪಕ್ಕ ಇಟ್ಟಿದ್ದು. ಪ್ಯಾಕೆಟ್ಟಿನ ಟಾಲ್ಕ್ (ನುಣುಪು ಕಲ್ಲಿನ) ಪುಡಿಯಲ್ಲಿ ಬೆರೆಸಿರುವ ಟ್ರೈಕೋಡರ್ಮಾ ಬೀಜಕಣಗಳು ತಿಂಗಳು ಕಳೆದ ಹಾಗೆ ಸಾಯುತ್ತಾ ಹೋಗುತ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಇದು ಜೀವ ಇರುವ ಸಾಮಾನು, ಸಿಮೆಂಟ್ ಅಲ್ಲ. ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕಲ್ವಾ?

ಈಗ ಯಾವ ಪುಡಿ ತಂದರೂ ಮೊದಲು ಪರೀಕ್ಷೆ. ಜೋಳ ರಾತ್ರಿ ನೆನೆಸಿ, ನೀರು ಬಸಿದು, ಗಾಜಿನ ಬಾಟಲಿಗೆ ಅರ್ಧ ತುಂಬಿ, ಬಾಯಿಗೆ ಹತ್ತಿ ಇಟ್ಟು ಕುಕ್ಕರಿನಲ್ಲಿ ಬೇಯಿಸುತ್ತೇನೆ. ಪೂರ್ತಿ ಆರಿದ ಮೇಲೆ ಒಂದು ಚಿಟಿಕೆ ಪುಡಿ. ಹಳೇ ಪ್ಯಾಕೆಟ್ಟಿನ ಬಾಟಲಿಯಲ್ಲಿ ಬಂದಿದ್ದು ಬರೀ ಕಪ್ಪು ಬೂಷ್ಟು, ಹುಳಿ ವಾಸನೆ. ಬೇರೆ ಕಡೆಯಿಂದ ತಂದ ಹೊಸ ಪುಡಿ ಮೂರನೇ ದಿನ ಬೆಳ್ಳಗೆ ಹಬ್ಬಿತು, ಐದನೇ ದಿನ ಗಾಢ ಹಸಿರು. ಹತ್ತಿ ತೆಗೆದರೆ ಘಮ್ಮಂತ ಕೊಬ್ಬರಿ ವಾಸನೆ! ಕೆಲವು ಟ್ರೈಕೋಡರ್ಮಾ ತಳಿಗಳು ಈ ಪರಿಮಳ ಬಿಡುತ್ತವೆ. ಬೇರೆ ಶಿಲೀಂಧ್ರಗಳನ್ನು ದೂರ ಇಡಲು ಅವು ಬಳಸುವ ಅಸ್ತ್ರಗಳಲ್ಲಿ ಅದೂ ಒಂದು.

ಇಷ್ಟಾದರೂ ಎರಡನೇ ರಾಶಿ ಕೈಕೊಟ್ಟಿತು. ಪುಡಿ ಬದುಕಿದೆ ಅನ್ನೋದಕ್ಕೆ ಬಾಟಲಿ ಸಾಕ್ಷಿ. ಮತ್ತೇನು? ನಾಲ್ಕನೇ ದಿನ ರಾಶಿಯೊಳಗೆ ಕೈ ಹಾಕಿದೆ, ಸುಡುತ್ತಿತ್ತು. ಗೊಬ್ಬರ ಎರಡೇ ತಿಂಗಳಿನದು, ಇನ್ನೂ ಕಳಿಯುತ್ತಿತ್ತು. ಮೊಣಕಾಲೆತ್ತರ ಗುಡ್ಡೆ ಹಾಕಿದ್ದರಿಂದ ಕಾವು ಒಳಗೇ ಉಳಿಯಿತು. ಟ್ರೈಕೋಡರ್ಮಾಕ್ಕೆ ಹಿತವಾಗಿರುವುದು 25ರಿಂದ 30 ಡಿಗ್ರಿ. ಕೈ ಸುಡುವ ಕಡೆ ಅದು ಬೆಳೆಯುವುದಾದರೂ ಹೇಗೆ? ಮೂರನೇ ಸಲ ವರ್ಷ ಕಳೆದ ಗೊಬ್ಬರ ತೆಗೆದೆ, ಒಂದು ಗೇಣಿಗಿಂತ ಎತ್ತರ ಹಾಕಲಿಲ್ಲ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು ಆದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ ಇಟ್ಟೆ. ಒಂಬತ್ತನೇ ದಿನಕ್ಕೆ ಹಸಿರು.

ಇದೆಲ್ಲ ಕಾಳುಮೆಣಸಿಗಾಗಿ. ಹೋದ ಮಳೆಗಾಲ ಸೊರಗು ರೋಗಕ್ಕೆ 11 ಬಳ್ಳಿ ಹೋದವು, ಎಲ್ಲ ಅಪ್ಪ ನೆಟ್ಟಿದ್ದು. ರೋಗ ತರುವ ಫೈಟಾಫ್ತೊರಾ ಅನ್ನೋ ರೋಗಾಣು ಮಳೆನೀರಿನಲ್ಲಿ ಈಜಿಕೊಂಡೇ ಬೇರಿಗೆ ಬರುತ್ತದೆ. ಟ್ರೈಕೋಡರ್ಮಾ ಶತ್ರುವಿಗೆ ಸುತ್ತಿಕೊಂಡು ಅದರ ಜೀವಕೋಶದ ಗೋಡೆ ಕರಗಿಸುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅದು ಬೇರಿನ ಹೊರ ಪದರಕ್ಕೆ ಸ್ವಲ್ಪ ನುಗ್ಗುತ್ತದೆ, ಅಷ್ಟಕ್ಕೇ ಇಡೀ ಗಿಡ ಎಚ್ಚರವಾಗುತ್ತದೆ. ಇಸ್ರೇಲಿನಲ್ಲಿ ಸೌತೆ ಗಿಡದ ಬೇರಿಗೆ ಮಾತ್ರ ಕೊಟ್ಟು ನೋಡಿದಾಗ ಎಲೆಗೆ ಬರುವ ಬ್ಯಾಕ್ಟೀರಿಯಾ ರೋಗವೂ ತಗ್ಗಿತ್ತು. ಎಲೆಗೆ ಟ್ರೈಕೋಡರ್ಮಾ ಹಾಕಿಯೇ ಇರಲಿಲ್ಲ! ಆದರೆ ಸೊರಗಿದ ಬಳ್ಳಿಯನ್ನು ಇದು ಬದುಕಿಸುವುದಿಲ್ಲ. ರೋಗಕ್ಕಿಂತ ಮೊದಲೇ ಬೇರಿನಲ್ಲಿ ಮನೆ ಮಾಡಿರಬೇಕು. ಹಾಗೇ, ಬುಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಯ್ದು ಹಿಂದೆಯೇ ಇದನ್ನು ಹಾಕಬೇಡಿ, ಮೈಲುತುತ್ತಕ್ಕೆ ಇದೂ ಸಾಯುತ್ತದೆ. ನಾನು ಮೂರು ವಾರ ಅಂತರ ಬಿಡುತ್ತೇನೆ.

ಅಂದ ಹಾಗೆ, ಮುಂದಿನದು ಮೈಕೋರೈಜಾ, ಗಿಡದ ಬೇರಿನ ಜೊತೆಗೇ ಬದುಕುವ ಇನ್ನೊಂದು ಶಿಲೀಂಧ್ರ! ಅದು ಜೋಳದ ಬಾಟಲಿಗೆ ಬಗ್ಗುವುದಲ್ಲ, ಜೀವಂತ ಬೇರೇ ಬೇಕು. ಆರು ಕುಂಡದಲ್ಲಿ ರಾಗಿ ಬಿತ್ತಿ ಅದರ ಬೇರಿನಲ್ಲಿ ಬೆಳೆಸಿ, ಆಮೇಲೆ ನೀರು ನಿಲ್ಲಿಸಿ, ಒಣಗಿದ ಬೇರನ್ನು ಮಣ್ಣಿನ ಸಮೇತ ಕತ್ತರಿಸಿ ಹೊಸ ಮೆಣಸಿನ ಸಸಿಗಳ ಚೀಲಕ್ಕೆ ಹಾಕುವ ಯೋಚನೆ. ಮರಳು ಜರಡಿ ಹಿಡಿದು ಇಟ್ಟಾಗಿದೆ.

ಮೊದಲ ಮಳೆ ಬಿದ್ದು ಮಣ್ಣು ನೆನೆದಿದೆ. ಬಳ್ಳಿಗೆ 2 ಕಿಲೋ ಅಂದರೆ 50 ಬಳ್ಳಿಗೆ ಆಗುತ್ತದೆ. ನಾಳೆ ಸತ್ತ ಬಳ್ಳಿಗಳ ಪಕ್ಕದ ಸಾಲಿನಿಂದ ಶುರು. ಹೋಲಿಸಿ ನೋಡೋಕೆ ಒಂದು ಸಾಲನ್ನು ಹಾಕದೇ ಬಿಡಬೇಕು. ಯಾವ ಸಾಲು ಅಂತ ಸಂಜೆಯಿಂದ ತೋಟ ಸುತ್ತುತ್ತಿದ್ದೇನೆ, ಯಾವುದನ್ನೂ ಬಿಡೋಕೆ ಮನಸ್ಸು ಬರುತ್ತಿಲ್ಲ.