ಸೊಂಟ ನೋಡಿ ಹಿಡೀರಿ

ಕಾಲೇಜಿನ ಕಬಡ್ಡಿ ತಂಡದಲ್ಲಿ ನಾನು ಹನ್ನೆರಡನೆಯವನು. ನೀರಿನ ಬಾಟಲಿ ಹೊತ್ತಿದ್ದೇ ಜಾಸ್ತಿ. ಆದರೂ ನಮ್ಮ ಪಿ.ಟಿ. ಮೇಷ್ಟ್ರು ದಿನಾ ಕೂಗುತ್ತಿದ್ದ ಮಾತು ಮರೆತಿಲ್ಲ: "ರೈಡರ್ ಕಣ್ಣು ನೋಡಬೇಡ್ರೋ, ಸೊಂಟ ನೋಡಿ ಹಿಡೀರಿ!"

ಅದೇ ಮಾತು ಮತ್ತೆ ಕಿವಿಗೆ ಬಿದ್ದದ್ದು 2003ರಲ್ಲಿ, ಓದಲು ಹೋಗಿದ್ದ ನ್ಯೂಜಿಲೆಂಡಿನ ಆಕ್ಲೆಂಡ್‌ನ ಹಾಸ್ಟೆಲಿನಲ್ಲಿ. ಹೇಳಿದವನು ನನ್ನ ರೂಮ್‌ಮೇಟ್, ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಸಮೋವಾದ ಆಪಿಯಾ ಊರಿನ ಹುಡುಗ. ಅವನ ಮಂಚದ ಮೇಲಿನ ಗೋಡೆಯಲ್ಲಿ ಒಂದೇ ಫೋಟೋ. ರಗ್ಬಿ ಆಟಗಾರ ಬ್ರಯಾನ್ ಲಿಮಾ, ಅವನ ಊರಿನವನೇ. ಅಡ್ಡಹೆಸರು 'ಕೈರೋಪ್ರಾಕ್ಟರ್', ಅಂದರೆ ಮೂಳೆ ಕೂಡಿಸುವವನು. ಲಿಮಾ ಹಿಡಿದರೆ ಮೂಳೆಗಳೆಲ್ಲ ಜಾಗ ಬದಲಿಸುತ್ತವೆ ಅಂತ ತಮಾಷೆ.

ನವೆಂಬರ್ 1, ಶನಿವಾರ. ಬ್ರಿಸ್ಬೇನಿನಲ್ಲಿ ರಗ್ಬಿ ವಿಶ್ವಕಪ್ ಪಂದ್ಯ, ಸಮೋವಾ ಎದುರಿಗೆ ದಕ್ಷಿಣ ಆಫ್ರಿಕಾ. ಟಿವಿ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಸಮೋವಾದವರು ತೊಡೆ ತಟ್ಟಿ ತಮ್ಮ ಯುದ್ಧನೃತ್ಯ 'ಸಿವಾ ತಾವು' ಕುಣಿದಾಗ ನನ್ನ ಗೆಳೆಯನೂ ಎದ್ದು ನಿಂತು ಕುಣಿದ. ಆಮೇಲೆ ಆ ಕ್ಷಣ ಬಂತು. ದಕ್ಷಿಣ ಆಫ್ರಿಕಾದ ಇಪ್ಪತ್ತು ವರ್ಷದ ಡೆರಿಕ್ ಹೌಗಾರ್ಡ್ ಪಾಸ್ ಹಿಡಿಯಲು ಕೈ ಚಾಚಿದ್ದಾನೆ, ಕಣ್ಣೆಲ್ಲ ಚೆಂಡಿನ ಮೇಲೆ. ಲಿಮಾ ಎಲ್ಲಿಂದ ಬಂದನೋ! ಓಡಿ ಬಂದ ವೇಗಕ್ಕೇ ಮೈಯೊಡ್ಡಿ ಬಡಿದ. ಇಬ್ಬರೂ ನೆಲಕ್ಕೆ, ಚೆಂಡು ಎಲ್ಲೋ. ಕೋಣೆ ಒಂದು ಗಳಿಗೆ ಗಪ್‌ಚಿಪ್. ಹೌಗಾರ್ಡ್ ಎದ್ದು ಆಟ ಮುಂದುವರಿಸಿದ. ಅದಕ್ಕೂ ಗುಂಡಿಗೆ ಬೇಕು, ಅಲ್ವಾ?

"ಸೊಂಟ ನೋಡಿದ್ದ, ನೋಡು," ಅಂದ ಗೆಳೆಯ. ನನಗೆ ಮೇಷ್ಟ್ರು ನೆನಪಾದರು. ಸಮೋವಾ 60-10ರಲ್ಲಿ ಸೋತಿತು ಅನ್ನೋದು ಆ ರಾತ್ರಿ ಯಾರಿಗೂ ಮುಖ್ಯವಾಗಲಿಲ್ಲ.

ಆದರೆ ಗೆಳೆಯನಿಗೆ ಆ ಏಟಿಗಿಂತ 1991 ದೊಡ್ಡದು. ಆಗ ದೇಶದ ಹೆಸರು ಪಶ್ಚಿಮ ಸಮೋವಾ, ಜನಸಂಖ್ಯೆ ಎರಡು ಲಕ್ಷವೂ ಇಲ್ಲ. ಲಿಮಾಗೆ 19 ವರ್ಷ. ಕಾರ್ಡಿಫ್‌ನಲ್ಲಿ ವೇಲ್ಸನ್ನು 16-13ರಿಂದ ಸೋಲಿಸಿದಾಗ ಸಮೋವಾದಲ್ಲಿ ನಡುರಾತ್ರಿ. ಗೆಳೆಯನ ಅಪ್ಪ ಮಕ್ಕಳನ್ನೆಲ್ಲ ಎಬ್ಬಿಸಿ ರೇಡಿಯೊ ಮುಂದೆ ಕೂರಿಸಿದ್ದರಂತೆ. ಆ ಸಲ ತಂಡ ಕ್ವಾರ್ಟರ್ ಫೈನಲ್‌ಗೇ ಹೋಯಿತು, 1995ರಲ್ಲೂ ಹೋಯಿತು. ಅದೇ ವರ್ಷ ರಗ್ಬಿ ಯೂನಿಯನ್ ಅನ್ನೋ ಈ ಹದಿನೈದು ಜನರ ಆಟದಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತಾಯಿತು. ಸಂಬಳ ಕೊಡುವ ಕ್ಲಬ್ಬುಗಳಿದ್ದದ್ದು ಮಾತ್ರ ಹೊರಗೆ. ಆಪಿಯಾದ ಹುಡುಗರು ವಿಮಾನ ಹತ್ತಿದರು. ಲಿಮಾ ಇಂಗ್ಲೆಂಡಿನ ಬ್ರಿಸ್ಟಲ್‌ಗೂ ಆಡಿದ. ಹೊಟ್ಟೆಪಾಡು ಹೊರಗೆ, ಜೆರ್ಸಿ ಮಾತ್ರ ನಮ್ಮದು, ಅನ್ನುತ್ತಿದ್ದ ಗೆಳೆಯ.

2007ರಲ್ಲಿ ನಾನು ಊರಿಗೆ ವಾಪಸಾಗಿದ್ದೆ. ಲಿಮಾ ಐದನೇ ವಿಶ್ವಕಪ್‌ಗೆ ಬಂದ. ಅಲ್ಲಿಯವರೆಗೆ ಐದು ವಿಶ್ವಕಪ್ ಆಡಿದವರು ಯಾರೂ ಇರಲಿಲ್ಲ. ನಾಂಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಜಾನಿ ವಿಲ್ಕಿನ್‌ಸನ್ ಮೇಲೆ ಅವನು ಬಿದ್ದು ಹಿಡಿದ ಟ್ಯಾಕಲ್ ತೀರಾ ಅಪಾಯದ್ದಾಯಿತು. ಲಿಮಾಗೆ ನಿಷೇಧ ಹಾಕಿದರು. ಹಾಕಿದ್ದು ಸರಿ ಅಂತಲೇ ನನ್ನ ಲೆಕ್ಕ. ಗೆಳೆಯನಿಗೆ ಹಾಗೆ ಹೇಳುವ ಧೈರ್ಯ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಸಮೋವಾ ಅಮೆರಿಕವನ್ನು 25-21ರಿಂದ ಸೋಲಿಸಿತು. ಅಭಿನಂದಿಸೋಣ ಅಂತ ಫೋನ್ ಮಾಡಿದೆ.

"ಗೆದ್ರಲ್ಲೋ!"

"ಹೂಂ," ಅಂದ. "ಅವನು ಆಡಲಿಲ್ಲ."