ಟೊಮೆಟೊ ಲಾಟರಿ ಯಾರಿಗೆ ಹೊಡೆಯಿತು?

2023ರ ಜುಲೈ ನೆನಪಿದೆಯಾ? ಬೆಂಗಳೂರಿನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿಗೂ ಮೇಲೆ ಹರಾಜಾಯಿತು. ಹಾಸನದ ಕಡೆ ಕಳ್ಳರು ಹೊಲಕ್ಕೇ ನುಗ್ಗಿ ಹಣ್ಣು ಕಿತ್ತುಕೊಂಡು ಹೋದರು. ಟೀವಿ ಹಾಕಿದರೆ ಯಾರೋ ಒಬ್ಬ ರೈತ, ಅವನ ಲಕ್ಷಗಳ ಲೆಕ್ಕ, 'ಖುಲಾಯಿಸಿದ ಅದೃಷ್ಟ' ಅನ್ನೋ ಹೆಡ್‌ಲೈನು.

ಅದೃಷ್ಟ ಅನ್ನೋದು ನಿಜವೇ. ಆದರೆ ಸುಮ್ನೆ ಕೂತವನಿಗೆ ಬಂದದ್ದಲ್ಲ. ಟೊಮೆಟೊ ಸೋಮಾರಿಗಳ ಬೆಳೆಯೇ ಅಲ್ಲ. ನರ್ಸರಿಯಿಂದ ಸಸಿ ತರಬೇಕು, ಡ್ರಿಪ್ ಎಳೆಯಬೇಕು, ಗಿಡಕ್ಕೆ ಕೋಲು ನೆಟ್ಟು ದಾರ ಕಟ್ಟಬೇಕು, ಔಷಧಿ ಹೊಡೆಯುತ್ತಲೇ ಇರಬೇಕು. ಇದನ್ನೆಲ್ಲ ಪಕ್ಕದ ಹೊಲದವನೂ ಮಾಡಿರುತ್ತಾನೆ, ಅಲ್ವಾ? ನಾಟಿಯಾಗಿ ಎರಡು, ಎರಡೂವರೆ ತಿಂಗಳಿಗೆ ಹಣ್ಣು ಕೀಳಲು ಬರುತ್ತದೆ. ಏಪ್ರಿಲ್ ಕೊನೆಗೆ ನೆಟ್ಟವನ ಪಾಲಿಗೆ ಜುಲೈ ಬಂತು. ಜುಲೈ ರೇಟು ನೋಡಿ ಆಸೆಯಿಂದ ನೆಟ್ಟವನು ಮಂಡಿಗೆ ಹಣ್ಣು ತರುವಷ್ಟರಲ್ಲಿ ಸೆಪ್ಟೆಂಬರ್ ಕೊನೆಯಾಗಿತ್ತು, ಕೆಜಿಗೆ 10 ರೂಪಾಯಿ ಸಿಕ್ಕರೆ ಅದೇ ಜಾಸ್ತಿ. ಅದೇ ಮಣ್ಣು, ಅದೇ ಬೆವರು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಬೆಲೆ ಬಂದದ್ದಾದರೂ ಯಾಕೆ? ಅದಕ್ಕೂ ಮುಂಚೆ ಟೊಮೆಟೊ ರೇಟು ಬಿದ್ದಿತ್ತು, ಈ ಸಹವಾಸವೇ ಬೇಡ ಅಂತ ಕೆಲವರು ಬೀನ್ಸ್ ಹಾಕಿದ್ದರು. ಟೊಮೆಟೊ ಹಾಕಿದವರಲ್ಲೂ ಎಷ್ಟೋ ಜನರ ಗಿಡಕ್ಕೆ ಎಲೆ ಮುದುಡುವ ರೋಗ ಬಂತು. ಅಂದರೆ ಒಬ್ಬನ ಹೊಲ ಹಾಳಾದದ್ದೇ ಇನ್ನೊಬ್ಬನ ಲಕ್. ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದರೆ "ಎಲ್ಲಾ ಹಣೆಬರಹ ಕಣಪ್ಪಾ" ಅಂತಾರೆ. ನಾನು ಅಷ್ಟಕ್ಕೇ ಬಿಡಲಾರೆ.

ಯಾಕೆಂದರೆ ಅದೃಷ್ಟಕ್ಕೆ ಕಾಯೋದಕ್ಕೂ ದುಡ್ಡು ಬೇಕು. ಹತ್ತು ಎಕರೆ ಇರುವವನು ಹದಿನೈದು ದಿನಕ್ಕೊಮ್ಮೆ ಒಂದೊಂದು ಎಕರೆ ನೆಡುತ್ತಾ ಹೋಗುತ್ತಾನೆ, ಯಾವುದೋ ಒಂದಕ್ಕೆ ರೇಟು ಸಿಕ್ಕೇ ಸಿಗುತ್ತದೆ, ಮಿಕ್ಕಿದ್ದರ ನಷ್ಟ ಅದರಲ್ಲಿ ಮುಚ್ಚಿಹೋಗುತ್ತದೆ. ಒಂದೇ ಎಕರೆಯವನು, ಅದೂ ಮಂಡಿಯವರ ಹತ್ತಿರ ಮುಂಗಡ ತಗೊಂಡವನು, ಎಲ್ಲವನ್ನೂ ಒಂದೇ ನಾಟಿಯ ಮೇಲೆ ಹಾಕುತ್ತಾನೆ. ಎರಡು ಸಲ ಸೋತರೆ ಮುಗೀತು, ನರಸಾಪುರದ ಫ್ಯಾಕ್ಟರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೊರಡುತ್ತಾನೆ. ಬೆಲೆ ಬಂದ ದಿನ ಅವನ ಹೊಲದಲ್ಲಿ ಟೊಮೆಟೊ ಇರುವುದೇ ಇಲ್ಲ. ಬೋರ್‌ವೆಲ್ ಕಥೆಯೂ ಇದೇ. ಸಾವಿರ ಅಡಿ ಕೊರೆಸಿ ಬರೀ ಧೂಳು ಬಂದರೆ, ಮತ್ತೊಂದು ಪಾಯಿಂಟ್ ನೋಡಿಸುವ ತಾಕತ್ತು ಇರುವವನಿಗೆ ತಾನೇ ನೀರು ಸಿಗೋದು? ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರು ಅಷ್ಟರಲ್ಲಿ ದುಡ್ಡು ಇಸ್ಕೊಂಡು ಹೋಗಿರುತ್ತಾರೆ, ಅದು ಬೇರೆ ಮಾತು.

ನನಗೆ ಜಾಸ್ತಿ ಸಿಟ್ಟು ಬರೋದು ಸರ್ಕಾರದ ಆತುರ ನೋಡಿದಾಗ. ರೇಟು ಏರಿದ ಜುಲೈನಲ್ಲೇ ಕೇಂದ್ರದ ಸಹಕಾರ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಲ್ಲಿ ಕೊಂಡು ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಗೆ ಮಾರಿದವು, ಆಮೇಲೆ ಇನ್ನೂ ಇಳಿಸಿದವು. ಆಗಸ್ಟಿನಲ್ಲಿ ನೇಪಾಳದಿಂದಲೂ ತರಿಸಿದರು. ತಿನ್ನುವವರ ಕಷ್ಟಕ್ಕೆ ಆಗಲಿ, ಬೇಡ ಅನ್ನಲ್ಲ. ಸೆಪ್ಟೆಂಬರಿನಲ್ಲಿ ರೇಟು ಕುಸಿದಾಗ ಮಾತ್ರ ಆ ಓಡಾಟ ನನ್ನ ಕಣ್ಣಿಗೆ ಬೀಳಲಿಲ್ಲ. ರೈತನಿಗೆ ಒಳ್ಳೆ ಕಾಲ ಬಂದಾಗ ಅಡ್ಡ ಹಾಕಲು ಇಷ್ಟು ಜನ ಇದ್ದಾರೆ, ಕೆಟ್ಟ ಕಾಲ ಬಂದರೆ ಮಾತ್ರ ಅದು ಅವನ ಹಣೆಬರಹವಾ?