ಹೌದು ಅಂತ ಹಾಕ್ಲಾ?

ಮೇ 31ರೊಳಗೆ ನರ್ಸಿಂಗ್ ರಿಜಿಸ್ಟ್ರೇಷನ್ ನವೀಕರಿಸಬೇಕು. ಈ ತಿಂಗಳು ಬಂತೆಂದರೆ ಮೆಲ್ಬರ್ನ್‌ನಲ್ಲಿ ನಮ್ಮದೆಲ್ಲ ಇದೇ ಮಾತು. ಮಂಗಳವಾರ ನೈಟ್ ಡ್ಯೂಟಿಯಲ್ಲಿ ಜೊತೆಗಿದ್ದ ಹುಡುಗಿ ಫೋನ್ ಮುಂದೆ ಹಿಡಿದು ಕೇಳಿದಳು: "ಅಕ್ಕ, ಇದಕ್ಕೆ ಹೌದು ಅಂತ ಹಾಕ್ಲಾ?"

ಕೆಲಸಕ್ಕೆ ತೊಂದರೆ ಮಾಡುವಂಥ ಕಾಯಿಲೆ ಇದೆಯಾ ಅನ್ನುವ ಪ್ರಶ್ನೆ ಅದು. ಅವಳು ನಾಲ್ಕು ತಿಂಗಳಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿರುವುದು ನನಗೆ ಗೊತ್ತು. ಯಾರಿಗೂ ಹೇಳಬೇಡ ಅಂತ ಗಂಡ ಹೇಳಿದ್ದಾನಂತೆ. ಒಳ್ಳೆಯವನೇ. ಆದರೆ ಅವನಿಗೆ ಹೆಂಡತಿಗಿಂತ ಅವಳ ಕೆಲಸದ ಚಿಂತೆ ಜಾಸ್ತಿ ಅನ್ನಿಸಿತು.

"ಸುಮ್ನೆ ಇಲ್ಲ ಅಂತ ಹಾಕು" ಅಂದುಬಿಟ್ಟೆ.

ಮನೆಗೆ ಬಂದು ಮಲಗಿದರೂ ಅದೇ ಮಾತು ಕಿವಿಯಲ್ಲಿ. ಎದ್ದು ಕೂತು ನಿಯಮ ಓದಿದೆ. 2010ರಲ್ಲಿ ಬಂದ ಇಲ್ಲಿನ ಕಾನೂನಿಗೆ ಕಾಯಿಲೆ ಇರುವುದೇ ತಪ್ಪಲ್ಲ. ಅದರಿಂದ ಕೆಲಸ ಕೆಡುತ್ತಿದ್ದರೆ, ಇಲ್ಲವೇ ಕೆಡುವ ಹಾಗಿದ್ದರೆ ಹೇಳಬೇಕು. ಹೇಳಿದ ಮಾತ್ರಕ್ಕೆ ರಿಜಿಸ್ಟ್ರೇಷನ್ ಹೋಗುವುದಿಲ್ಲ. ತಪಾಸಣೆ ಮಾಡಿಸಬಹುದು, ಕೆಲವು ಷರತ್ತು ಹಾಕಬಹುದು. ಹೆದರಿ ಚಿಕಿತ್ಸೆಗೇ ಹೋಗದೆ ಇರಬಾರದು ಅಂತ 2020ರಲ್ಲಿ ಇನ್ನೊಂದು ಬದಲಾವಣೆಯೂ ಬಂತು. ಕಾಯಿಲೆಯಿಂದ ಜನರಿಗೆ ದೊಡ್ಡ ಅಪಾಯ ಇದ್ದರೆ ಮಾತ್ರ ಚಿಕಿತ್ಸೆ ಕೊಡುವ ಡಾಕ್ಟರು ಮೇಲೆ ತಿಳಿಸಬೇಕು.

ಹಾಗಾದರೆ ನಾನು ಹೇಳಿದ್ದು ಸರಿಯೇ ಇರಬಹುದು. ಆದರೆ ಅವಳನ್ನು ಏನೂ ಕೇಳಲೇ ಇಲ್ಲವಲ್ಲ! ನಿದ್ದೆ ಬರುತ್ತಾ, ರೋಗಿಗೆ ಕೊಡುವ ಡೋಸ್ ಏನಾದರೂ ತಪ್ಪಿತ್ತಾ, ಏನೂ ಇಲ್ಲ. ಬಾಯಿ ಮುಚ್ಚಿಸಿದೆ, ಅಷ್ಟೇ.

ನಮ್ಮೂರಿನ ಡಾಕ್ಟರು ನೆನಪಾದರು. ಕೊನೆಕೊನೆಗೆ ಸಿರಿಂಜ್ ಹಿಡಿದರೆ ಅವರ ಕೈ ನಡುಗುತ್ತಿತ್ತು. ಒಮ್ಮೆ ನನ್ನ ತೋಳಿನ ಮೇಲೆ ಸೂಜಿ ಎರಡು ಸಲ ಜಾರಿತು. "ಅವರ ಕೈಗುಣ ಒಳ್ಳೇದು ಕಣೆ" ಅನ್ನುತ್ತಾ ಅಮ್ಮ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಊರಿಗೆ ಊರೇ ಅವರಿಗೆ ಕೈ ಮುಗಿಯುತ್ತಿತ್ತು. ಕೈಗೆ ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆವು. ಒಳಗೊಳಗೆ ಅವರೆಷ್ಟು ಹೆದರಿದ್ದರೋ!

ಗುರುವಾರ ಮತ್ತೆ ಇಬ್ಬರಿಗೂ ಡ್ಯೂಟಿ. ಜೋರು ನೋವಿಗೆ ಕೊಡುವ ಮಾರ್ಫಿನ್ ಇಡುವ ಕಪಾಟಿನ ಲೆಕ್ಕಕ್ಕೆ ಇಬ್ಬರ ಸಹಿ ಬೇಕು. ಅವಳು ಆಂಪೂಲ್, ಅಂದರೆ ಔಷಧದ ಪುಟ್ಟ ಗಾಜಿನ ಶೀಸೆ, ಎಣಿಸಿದಳು. ಒಂಬತ್ತು. ಮತ್ತೆ ಮೊದಲಿಂದ ಎಣಿಸಿದಳು. ಆಮೇಲೆ ಬೆರಳಿಟ್ಟು ಮೂರನೇ ಸಲ.

"ಮನೆಗೆ ಹೋದ್ಮೇಲೆ ನಿದ್ದೆ ಬರುತ್ತೇನೇ?" ಅಂದೆ.

ರಿಜಿಸ್ಟರ್ ಮೇಲೆ ಪೆನ್ನು ನಿಂತಿತು.

"ಇಲ್ಲ ಅಕ್ಕ."

ಫಾರಂ ಇನ್ನೂ ಕಳಿಸಿಲ್ಲವಂತೆ.